ನಾಲ್ಕನೇ ತೊಟ್ಟಿಯ ಹೆಪ್ಪು

2025ರ ಫೆಬ್ರವರಿ 15, ಶನಿವಾರ, ಬೆಳಿಗ್ಗೆ 10.40. ರಾಣೆಬೆನ್ನೂರಿನ ಗ್ರಾಮೀಣ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಸುಭಾಷ, ಎದುರಿಗೆ ಕುಳಿತ ಹೆಂಗಸು ಹೇಳಿದ್ದನ್ನು ಬರೆದುಕೊಳ್ಳಲು ಹೊರಟವನು ಪೆನ್ನು ಎತ್ತಿ ಹಿಡಿದ.

"ಏನು ಕಳುವಾಗೇತಿ ಅಂದ್ರಿ?"

"ಪಾಚಿ."

"ಪಾಚಿ ಅಂದ್ರ, ಬಾವಿ ಗೋಡಿಗೆ ಹತ್ತಿರ್ತದಲ್ಲ, ಅದ?"

"ಅಂಥಾದ್ದ. ಸುಮಾರು ನೂರಾ ಐವತ್ತು ಲೀಟರ್."

ಸುಭಾಷನಿಗೆ ಇಪ್ಪತ್ತೆರಡು ವರ್ಷದ ನೌಕರಿ. ಎಮ್ಮೆ, ಪಂಪ್‌ಸೆಟ್, ತಾಮ್ರದ ತಂತಿ, ಬಿತ್ತನೆ ಬೀಜದ ಚೀಲ, ಒಮ್ಮೆ ಮದುಮಗನ ಬೂಟು, ಇಷ್ಟೆಲ್ಲದರ ಕಳವಿನ ದೂರು ಬರೆದುಕೊಂಡಿದ್ದ. ಪಾಚಿ ಕದ್ದವರನ್ನು ಹುಡುಕಿ ಕೊಡಿ ಎಂದು ಯಾರೂ ಬಂದಿರಲಿಲ್ಲ. ಅವನು ಎದ್ದು ಹೋಗಿ ಇನ್‌ಸ್ಪೆಕ್ಟರ್ ಮೈಲಾರಪ್ಪನವರನ್ನು ಕರೆತಂದ.

ಮೈಲಾರಪ್ಪ ಐವತ್ತೊಂದರ ಮನುಷ್ಯ. ದನಿ ಏರಿಸುವುದಿಲ್ಲ. ದೂರು ತಂದವರು ಚಹಾ ಕುಡಿದು ಮುಗಿಸುವವರೆಗೆ ಎರಡನೇ ಪ್ರಶ್ನೆ ಕೇಳುವುದಿಲ್ಲ. ನಲಿನಿ ಎಂಬ ಆ ಹೆಂಗಸು ಅರ್ಧ ಕಪ್ಪಿಗೇ ಚಹಾ ಬಿಟ್ಟು ಮಾತು ಶುರುಮಾಡಿದಳು. ಮೊದಲು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳಂತೆ. ಈಗ ಮೂರು ವರ್ಷದಿಂದ ಐರಣಿ ರಸ್ತೆಯಲ್ಲಿ ಒಂದು ಎಕರೆ ಜಾಗ ಹಿಡಿದು ಕಾರ್ಖಾನೆಯ ಕೊಳೆನೀರನ್ನು ಪಾಚಿಯಿಂದ ಶುದ್ಧ ಮಾಡುತ್ತಾಳೆ. ನಲ್ಲಿ, ಬಾಗಿಲ ಹಿಡಿಕೆಗಳಿಗೆ ಕ್ರೋಮಿಯಂ ಲೇಪಿಸಿ ಹೊಳಪು ಕೊಡುವ ಒಂದು ಕಾರ್ಖಾನೆಯಿಂದ ದಿನವೂ ಒಂದು ಟ್ಯಾಂಕರ್ ನೀರು ಬರುತ್ತದೆ. ಹಳದಿ ನೀರು. ಕುಡಿದರೆ ಕರುಳು, ಮೂತ್ರಪಿಂಡ ಎಲ್ಲ ಹಾಳು.

"ಪಾಚಿ ಏನು ಮಾಡ್ತದರಿ ಅದಕ್ಕ?" ಮೈಲಾರಪ್ಪ ಕೇಳಿದರು.

"ನೀರಿನಾಗಿನ ಲೋಹ ತನ್ನ ಮೈಗೆ ಹಚ್ಚಿಕೊಳ್ಳತದ ಸರ್. ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ. ಕೆಲವು ಜಾತಿಯವು ಯುರೇನಿಯಂ ಸೈತ ಹಿಡೀತಾವ."

ಸುಭಾಷ ತನ್ನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

"ನಮ್ಮಲ್ಲಿ ಯುರೇನಿಯಂ ಇಲ್ಲ," ಎಂದಳು ನಲಿನಿ. "ನಾಲ್ಕು ತೊಟ್ಟಿ ಅದಾವ. ಒಂದನೇದ್ರಾಗ ಒಳ್ಳೇ ನೀರಿನಾಗ ಎಳೇ ಪಾಚಿ ಬೆಳಸ್ತೀನಿ. ಎರಡು, ಮೂರಕ್ಕ ಕಾರ್ಖಾನಿ ನೀರು ಬಿಟ್ಟು ಆ ಪಾಚಿ ಹಾಕ್ತೀನಿ. ಲೋಹ ಹಿಡಿದು ಹೊಟ್ಟಿ ತುಂಬಿದ ಪಾಚಿ ಎಲ್ಲಾ ಬಂದು ನಾಲ್ಕನೇದ್ರಾಗ ಕೂಡ್ತದ. ಅದನ್ನ ಸೋಸಿ, ಒಣಗಿಸಿ, ವಿಷದ ಕಸ ಹೂಳೋ ಜಾಗಕ್ಕ ಕಳಸ್ತೀನಿ. ಕಳುವಾಗಿದ್ದು ನಾಲ್ಕನೇದ್ರಾಗಿಂದು."

"ಅಂದ್ರ ಕಸ ಕಳುವಾಗೇತಿ."

"ಕಸ ಅಲ್ಲ ಸರ್. ವಿಷ."

ಮಂಗಳವಾರದಿಂದ ಶುಕ್ರವಾರದವರೆಗೆ ಅವಳು ಸಭೆಯೊಂದಕ್ಕಾಗಿ ಹಾವೇರಿಯಲ್ಲಿದ್ದಳು. ಇವತ್ತು ಬೆಳಿಗ್ಗೆ ಬಂದು ನೋಡಿದರೆ ತೊಟ್ಟಿಯ ಗೋಡೆಯ ಹಸಿರು ಗೆರೆಗಿಂತ ನೀರು ಮೂರು ಬೆರಳು ಕೆಳಗಿತ್ತು. ಕಳವು, ವಿಷವಸ್ತುವಿನ ವಿಚಾರದಲ್ಲಿ ನಿರ್ಲಕ್ಷ್ಯ ಎಂಬ ಕಲಮುಗಳಡಿ 11.30ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ಪಕ್ಕದ ಸಸಿ ನರ್ಸರಿಯ ಇಬ್ಬರು ಆಳುಗಳು ಪಂಚರು. ಬೇರೆ ಊರಿನ ಯಾವುದೋ ಕಂಪನಿ ತನ್ನ ಪಾಚಿಯ ತಳಿ ಕದ್ದಿರಬೇಕೆಂದು ನಲಿನಿಗೆ ಅನುಮಾನ. ಮೈಲಾರಪ್ಪ ಕೋಣೆಯೊಳಗಿನ ಫ್ರಿಜ್ ತೆಗೆಸಿದರು. ಮೂಲ ಪಾಚಿಯ ಇಪ್ಪತ್ತನಾಲ್ಕು ಬಾಟಲಿಗಳು ಸಾಲಾಗಿ ಇದ್ದವು. ಮೊದಲ ತೊಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ.

"ತಳಿ ಬೇಕಾದಾಂವ ಈ ಬಾಟ್ಲಿ ಒಂದು ಕಿಸೆದಾಗ ಇಟ್ಕೊಂಡು ಹೋಗ್ತಿದ್ದ," ಎಂದರು. "ಇಂವ ಬಂಗಾರ ಬಿಟ್ಟು ಬೂದಿ ಹೊತ್ತುಕೊಂಡು ಹೋಗ್ಯಾನ."

ನಾಲ್ಕನೇ ತೊಟ್ಟಿಯ ಕಟ್ಟೆಯ ಮೇಲೆ ಇರುವೆಗಳ ಸಾಲು ಹರಿದಿತ್ತು. ಕಾನ್‌ಸ್ಟೆಬಲ್ ಪ್ರಿಯಾಂಕಾ ಆ ಸಾಲಿನ ಹಿಂದೆ ಬಗ್ಗಿಕೊಂಡು ಹೋದಳು. ಮೂಲೆಯಲ್ಲಿ ಒಂದು ಮುತ್ತಲ ಎಲೆ, ಅದರ ಮೇಲೆ ಇರುವೆಗಳು ತಿಂದು ಉಳಿಸಿದ ಬೆಲ್ಲದ ಚೂರು.

"ಕಳ್ಳ ಬೆಲ್ಲ ಇಟ್ಟು ಹೋಗೂದು ನನ್ನ ಸರ್ವಿಸ್‌ನ್ಯಾಗ ಇದ ಮೊದಲು," ಎಂದ ಸುಭಾಷ.

ಪ್ರಿಯಾಂಕಾ ನಗಲಿಲ್ಲ. "ಸಾಹೇಬ್ರ, ನಮ್ಮವ್ವ ಯಾರ ಮನಿಯಿಂದ ಹೆಪ್ಪು ತಂದ್ರೂ ಅವರ ಬಟ್ಟಲಾ ಖಾಲಿ ಕೊಡೂದಿಲ್ರಿ. ಒಂದು ಚೂರು ಬೆಲ್ಲ ಇಟ್ಟ ಕೊಡ್ತಾಳ. ಕೊಟ್ಟವರ ಮನಿ ಹಾಲು-ಹೈನ ಕಡಿಮಿ ಆಗಬಾರದು ಅಂತ."

"ಮಸರಿನ ಹೆಪ್ಪಿಗೂ ಈ ಹೊಲಸಿಗೂ ಏನವಾ ಸಂಬಂಧ?" ಮೈಲಾರಪ್ಪ ಕೇಳಿದರು.

ಉತ್ತರ ಬಂದದ್ದು ನಲಿನಿಯಿಂದ. ಅವಳ ಮುಖ ಇಳಿದುಹೋಗಿತ್ತು. "ನಾನ ಹೇಳೀನಿ ಸರ್. ಇಲ್ಲಿಗೆ ಬಂದವ್ರಿಗೆಲ್ಲಾ ಹೇಳ್ತೀನಿ. ಪಾಚಿ ಅಂದ್ರ ಹೆಪ್ಪಿದ್ದಂಗ, ಒಂದೀಟು ಹಾಕಿದ್ರ ಸಾಕು, ತಾನ ಬೆಳದು ನೀರು ತಿಳಿ ಮಾಡತದ ಅಂತ. ಆದ್ರ ನಾ ತೋರ್ಸೋದು ಒಂದನೇ ತೊಟ್ಟಿ."

"ಒಂದನೇದ್ರಾಗ ನೀರು ತೆಳ್ಳಗ ಐತ್ರಿ ಮೇಡಂ," ಎಂದಳು ಪ್ರಿಯಾಂಕಾ. "ಹೆಪ್ಪು ತರೂ ಮುಂದ ಯಾರಾದ್ರೂ ಗಟ್ಟಿ ಮಸರ ನೋಡ್ತಾರ. ಇಲ್ಲಿ ಗಟ್ಟಿ ಇರೂದು ನಾಲ್ಕನೇದು."

ಮೈಲಾರಪ್ಪ ಕಟ್ಟೆಯ ಮೇಲೆ ಕುಳಿತರು. ಕಳ್ಳನ ತಲೆ ಈಗ ಅವರಿಗೆ ಅರ್ಥವಾಗತೊಡಗಿತ್ತು. ಇದು ಮಾರುವುದಕ್ಕೆ ಕದ್ದದ್ದಲ್ಲ. ಎಲ್ಲೋ ಒಬ್ಬನ ನೀರು ಕೆಟ್ಟಿದೆ. ಅದಕ್ಕೆ ಹೆಪ್ಪು ಹಾಕಲು ಒಯ್ದಿದ್ದಾನೆ.

"ಇದನ್ನ ಬಾವಿಗೆ ಹಾಕಿದ್ರ ಏನಾಗ್ತದರಿ ಮೇಡಂ?"

"ಮೊದಲ ನಾಲ್ಕೈದು ದಿನ ನೀರು ತಿಳಿ ಆದಂಗ ಕಾಣ್ತದ. ಅದ ಮೋಸ ಸರ್. ಬಾವಿಯಾಗ ಬಿಸಲು ಬೀಳೂದಿಲ್ಲ. ಪಾಚಿ ತಳಕ್ಕ ಕುಂತು ಸಾಯ್ತದ, ಕೊಳೀತದ. ಅಲ್ಲಿ ಹಿಡದಿದ್ದು, ಇಲ್ಲಿಂದ ಹೊತ್ತುಕೊಂಡು ಹೋಗಿದ್ದು, ಎಲ್ಲಾ ನೀರಿಗೆ ಬಿಡ್ತದ. ತಿಳಿ ಆತು ಅಂತ ಆವಾಗ ಯಾರರೆ ಕುಡದ್ರ..."

ಅಲ್ಲಿಂದ ತನಿಖೆಯ ನಡಿಗೆ ಬದಲಾಯಿತು. ಕಳ್ಳನಿಗಿಂತ ಮೊದಲು ಆ ಬಾವಿ ಸಿಗಬೇಕಿತ್ತು.

ಕಾವಲುಗಾರ ಗುಡದಪ್ಪನ ವಿಚಾರಣೆ ಗೇಟಿನ ಹತ್ತಿರವೇ ನಡೆಯಿತು.

"ಮಂಗಳವಾರದಿಂದ ಯಾರ್ಯಾರು ಬಂದಿದ್ರು?"

"ಯಾರೂ ಇಲ್ರಿ. ಟ್ಯಾಂಕರ್ ಒಂದ."

"ಟ್ಯಾಂಕರ್ ಎಷ್ಟೊತ್ತು ಇರ್ತದ?"

"ಅರ್ಧ ತಾಸು. ನೀರು ಬಿಟ್ಟು ಹೋಗ್ತಾನ್ರಿ ಡ್ರೈವರ್ ಡಾಕಪ್ಪ."

ಗೇಟಿನ ವಹಿಯಲ್ಲಿ ಬುಧವಾರ ಟ್ಯಾಂಕರ್ ಒಳಬಂದದ್ದು 1.10, ಹೊರಹೋದದ್ದು 2.25.

"ಬುಧವಾರ ಒಂದೇಕಾಲು ತಾಸು ಏನು ಮಾಡ್ದ?"

"ನಾ ಊಟಕ್ಕ ಕುಂತಿದ್ದೆ. ನೋಡಿಲ್ರಿ." ಗುಡದಪ್ಪ ತಲೆ ಕೆರೆದುಕೊಂಡ. "ಕುಡಿಯೂ ನೀರಿನ ಕ್ಯಾನು ಎಂಟು ಇದ್ವು ಗಾಡ್ಯಾಗ. ಮನಿಯಾಗ ಕಾರ್ಯಾ ಐತಿ ಅಂದ. ಭಾಳ ಖುಷಿಲೆ ಇದ್ದ. ನನಗ ಎಲಿ ಅಡಿಕಿ ಕೊಟ್ಟ."

ಎಂಟು ಕ್ಯಾನು, ಒಂದೊಂದು ಇಪ್ಪತ್ತು ಲೀಟರಿನದು. ಸುಭಾಷ ಮನಸ್ಸಿನಲ್ಲೇ ಗುಣಿಸಿ ತಲೆಯಾಡಿಸಿದ.

ಸಂಜೆ ನಾಲ್ಕಕ್ಕೆ ಕಾರ್ಖಾನೆಯಲ್ಲಿ ಮ್ಯಾನೇಜರ್ ಭೇಟಿ. ಡಾಕಪ್ಪ ಎಂಟು ವರ್ಷದಿಂದ ಅಲ್ಲಿ ಚಾಲಕ. ಗುರುವಾರದಿಂದ ರಜೆ. ಫೋನ್ ಬಂದ್. ಊರು ಯಾವುದು ಎಂದು ಕೇಳಿದರೆ ಮ್ಯಾನೇಜರ್ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸತೊಡಗಿದ. ಎಂಟು ವರ್ಷ ದುಡಿಸಿಕೊಂಡವರಿಗೆ ಆಳಿನ ಊರು ಗೊತ್ತಿಲ್ಲವಂತೆ. ಮೈಲಾರಪ್ಪ ಅದನ್ನು ಡೈರಿಯಲ್ಲಿ ಗುರುತು ಹಾಕಿಕೊಂಡರು.

ಭಾನುವಾರ ಇಡೀ ದಿನ ಹೋದದ್ದು ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಅವನ ಬಾಡಿಗೆ ಕೋಣೆ ಹುಡುಕುವುದರಲ್ಲಿ. ಕೋಣೆಗೆ ಬೀಗ. ಮನೆಯ ಮಾಲೀಕನಿಗೆ ಗೊತ್ತಿದ್ದದ್ದು ಇಷ್ಟೇ: ಒಂಟಿ ಮನುಷ್ಯ, ಹೆಂಡತಿ ಬ್ಯಾಡಗಿಯಲ್ಲಿದ್ದಾಳೆ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ, ಹೆಸರು ಮರಿಯವ್ವ.

ಫೆಬ್ರವರಿ 17, ಸೋಮವಾರ, ಬೆಳಿಗ್ಗೆ 8.50. ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ಚೀಲ ಹೊತ್ತ ಗಾಡಿಗಳ ಸಾಲು ರಸ್ತೆಯವರೆಗೆ ಬಂದಿತ್ತು. ಜೀಪಿನಿಂದ ಇಳಿದ ಸುಭಾಷ ಮೂರು ಸಲ ಸೀನಿದ. ನಲಿನಿಯೂ ನೀರು ಪರೀಕ್ಷೆಯ ಡಬ್ಬಿ ಹಿಡಿದುಕೊಂಡು ಜೊತೆಗೆ ಬಂದಿದ್ದಳು. ಎರಡು ರಾತ್ರಿಯ ನಿದ್ದೆ ಅವಳ ಕಣ್ಣಲ್ಲಿ ಬಾಕಿಯಿತ್ತು. ನಾಲ್ಕನೇ ಗೋದಾಮಿನಲ್ಲಿ ಕೆಂಪು ರಾಶಿಗಳ ನಡುವೆ ಮೂವತ್ತು ಹೆಂಗಸರು ಕುಳಿತಿದ್ದರು. ಅವರ ಮೇಲ್ವಿಚಾರಕಿ ಸುಗರಾಬಿ.

"ಮರಿಯವ್ವ ಇಲ್ರಿ ಸಾಹೇಬ್ರ. ಏಳರ ಬಸ್ಸಿಗೆ ಗಂಡನ ಊರಿಗೆ ಹೋದ್ಲು."

"ಯಾಕ?"

"ಗಂಡ ಫೋನ್ ಮಾಡಿದ್ದ. ಬಾವಿ ತಿಳಿ ಆಗೇತಿ, ಸೋಮವಾರ ಬಾ, ಮೊದಲನೇ ಕೊಡ ನೀನ ಸೇದಬೇಕು ಅಂತ."

ನಲಿನಿ ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಹೊರಟಳು.

"ಜಗಳ ಆಗಿತ್ತೇನು ಅವರಿಗೆ?" ಮೈಲಾರಪ್ಪ ಕೇಳಿದರು.

"ಜಗಳ ಅಂತೀರೇನ್ರಿ. ಮೂರು ವರ್ಷ ಆತು ಆಕಿ ಇಲ್ಲಿಗೆ ಬಂದು. ಬಂದಾಗ ಎರಡೂ ಅಂಗೈ ಒಡದು ರಕ್ತ ಬರ್ತಿತ್ತು. ಅಂಥಾ ಕೈಲೆ ಮೆಣಸಿನಕಾಯಿ ಮುಟ್ಟೂದು ಅಂದ್ರ! ಪ್ಲಾಸ್ಟಿಕ್ ಚೀಲ ಕೈಗೆ ಕಟಿಗೊಂಡು ಕುಂದ್ರತಿದ್ಲು. ಅಂವ ಪ್ರತಿ ಭಾನುವಾರ ಬರಾಂವ. ಆ ಚಹಾದಂಗಡಿ ಮುಂದ ನಿಂತಬಿಡಾಂವ, ಒಳಗ ಬರ್ತಿದ್ದಿಲ್ಲ. ಈಕಿ ಆ ಕಡೆ ಬೆನ್ನು ಮಾಡಿ ಕುಂದ್ರಾಕಿ. ಆದ್ರ ನಾ ನೋಡೀನ್ರಿ. ಅಂವ ಬರದ ಭಾನುವಾರ ಈಕಿ ತೊಟ್ಟು ಬಿಡಿಸಿದ್ದನ್ನ ಮತ್ತ ಬಿಡಸಾಕ ಹತ್ತಿರ್ತಿದ್ಲು. ಹಂಗ್ಯಾಕ ಮಾಡ್ತಿ, ಹೋಗಿಬಿಡು ಅಂದ್ರ, ಅಂವ ಒಂದು ಮಾತು ಹೇಳಬೇಕು, ಹೇಳಿದ್ರ ಹೋಗ್ತೀನಿ ಅನ್ನಾಕಿ. ಏನ್ ಮಾತು ಅಂತ ನನಗೂ ಹೇಳಿಲ್ಲ."

"ಊರು ಎಲ್ಲಿ?"

"ಐರಣಿ ಇನ್ನೂ ಎರಡು ಕಿಲೋಮೀಟರ್ ಇರಬೇಕಾದ್ರ ಹಳ್ಳ ಬರ್ತದಂತ್ರಿ. ಹಳ್ಳದ ದಂಡಿ ಮ್ಯಾಲ ಹೊಲದಾಗ ಮನಿ. ಅಲ್ಲೇ ಬಾವಿ."

ಅಂದರೆ ನಲಿನಿಯ ತೊಟ್ಟಿಗಳಿಂದ ಅಷ್ಟೇನೂ ದೂರವಲ್ಲ. ಎರಡು ದಿನ ಊರೂರು ಅಲೆದವರಿಗೆ ತಮ್ಮ ಮೇಲೇ ಸಿಟ್ಟು ಬಂತು. ಮರಳುವ ದಾರಿಯಲ್ಲಿ ಪ್ರಿಯಾಂಕಾ ಗಡಿಯಾರ ನೋಡಿಕೊಳ್ಳುತ್ತ, ಏಳರ ಬಸ್ಸು ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಐರಣಿಯ ಬಸ್ಸು ಹಿಡಿದರೆ ಎಷ್ಟು ಹೊತ್ತಾಗಬಹುದೆಂದು ಲೆಕ್ಕ ಹಾಕುತ್ತಿದ್ದಳು. ಯಾವ ಲೆಕ್ಕದಲ್ಲೂ ಮರಿಯವ್ವ ಮೊದಲು ಮುಟ್ಟುತ್ತಿದ್ದಳು.

ಬೆಳಿಗ್ಗೆ 10.35. ಮನೆಗೆ ಹೊಸ ಸುಣ್ಣ, ಬಾಗಿಲಿಗೆ ಮಾವಿನ ತೋರಣ. ಬಾವಿ ಹಳೆಯ ಕಾಲದ ಕಿರಿದಾದ ಕಲ್ಲುಬಾವಿ, ನಲವತ್ತು ಅಡಿ ಆಳ. ಕಟ್ಟೆಯ ಮೇಲೆ ತುಂಬಿದ ಹಿತ್ತಾಳೆ ಕೊಡ, ಪಕ್ಕದಲ್ಲಿ ಒಂದು ತಂಬಿಗೆ. ಕೊಡದ ಒಂದು ಬದಿಗೆ ಹೆಂಗಸು ನಿಂತಿದ್ದಳು, ಇನ್ನೊಂದು ಬದಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡಸು. ಜೀಪಿನ ಸದ್ದಿಗೂ ಇಬ್ಬರೂ ತಿರುಗಲಿಲ್ಲ.

"ಕುಡದೀಯೇನವಾ?" ಮೈಲಾರಪ್ಪ ಜೀಪು ನಿಲ್ಲುವ ಮೊದಲೇ ಕೂಗಿದರು. ಅವರು ದನಿ ಏರಿಸಿದ್ದನ್ನು ಸುಭಾಷ ಅಂದೇ ಮೊದಲು ಕೇಳಿದ್ದು.

"ಇಲ್ರಿ," ಎಂದಳು ಮರಿಯವ್ವ.

ಪ್ರಿಯಾಂಕಾ ಓಡಿಹೋಗಿ ಕೊಡವನ್ನು ದೂರ ಒಯ್ದಳು.

"ನೀರು ತಿಳಿ ಆಗೇತಿ ಅಂತ ಕರದ್ರು. ಖರೇ, ತಿಳಿ ಕಾಣತಿತ್ತು," ಮರಿಯವ್ವ ನಿಧಾನವಾಗಿ ಹೇಳಿದಳು. "ತಂಬಿಗಿ ಬಾಯಿಮಟ ಒಯ್ದಿದ್ದೆ. ಮತ್ತ ಕೇಳಿದೆ, ಮೊದಲ ಹೆಂಗ ಕೆಟ್ಟಿತ್ತು ಇದು ಅಂತ. ಸುಮ್ಮನಾದ್ರು. ತಂಬಿಗಿ ಕೆಳಗಿಟ್ಟೆ. ಅವಾಗಿಂದ ಹಿಂಗ ನಿಂತೇವ್ರಿ."

ನಲಿನಿ ಕೊಡದ ನೀರನ್ನು ಗಾಜಿನ ನಳಿಕೆಗೆ ತುಂಬಿ, ಎರಡು ಹನಿ ಔಷಧ ಬಿಟ್ಟಳು. ನೀರು ಕ್ರೋಮಿಯಂ ಇದ್ದರೆ ಬರುವ ನೇರಳೆ ಬಣ್ಣಕ್ಕೆ ತಿರುಗಿತು. ತೋರಿಸುವ ಅಗತ್ಯವೇ ಇರಲಿಲ್ಲ, ಆದರೂ ಡಾಕಪ್ಪನ ಕಣ್ಣ ಮುಂದೆ ಹಿಡಿದಳು.

"ನಾಲ್ಕು ದಿನದಿಂದ ನಾ ಕುಡಿಯಾಕತ್ತೇನ್ರಿ ಮೇಡಮ್ಮಾರ," ಎಂದ ಡಾಕಪ್ಪ. "ನಾ ಕುಡದು ನೋಡೇ ಆಕಿಗೆ ಫೋನ್ ಮಾಡಿದ್ದು. ಹೆಪ್ಪು ಹತ್ತೇತಿ ಅಂತ ತಿಳಕೊಂಡಿದ್ದೆ."

"ಹೊಟ್ಟಿ ನೋವು?" ನಲಿನಿ ಕೇಳಿದಳು.

"ಐತ್ರಿ."

"ಡಾಕಪ್ಪಾ, ನನ್ನ ಒಂದು ಮಾತು ಕೇಳಿದ್ದರ ನಾನ ಬರ್ತಿದ್ದೆ. ಬಾವಿ ನೀರು ಮ್ಯಾಲ ಎತ್ತಿ, ಇಲ್ಲೇ ಬಿಸಲಾಗ ತೊಟ್ಟಿ ಕಟ್ಟಿ ಶುದ್ಧ ಮಾಡಬಹುದಿತ್ತು. ಒಂದು ವರ್ಷ ಹಿಡೀತಿತ್ತು, ಆದ್ರ ಆಗ್ತಿತ್ತು. ಯಾಕ ಕೇಳಲಿಲ್ಲ?"

ಡಾಕಪ್ಪ ಮರಿಯವ್ವನನ್ನು ನೋಡಿದ, ನೆಲ ನೋಡಿದ. "ಕೇಳಿದ್ರ, ಬಾವಿ ಯಾತರಿಂದ ಕೆಟ್ಟೈತಿ ಅಂತ ನೀವೂ ಕೇಳ್ತಿದ್ರಿ."

11.20ರಿಂದ 12.40ರವರೆಗೆ ಜಪ್ತಿ ಪಂಚನಾಮೆ. ಮನೆಯ ಹಿಂದೆ ಹಸಿರು ಅಂಟಿದ ಎಂಟು ಕ್ಯಾನುಗಳು ಸಿಕ್ಕವು. ಬಾವಿಯ ನೀರನ್ನು ಮೂರು ಬಾಟಲಿಗಳಲ್ಲಿ ಮುದ್ರೆ ಹಾಕಿ ಹಾವೇರಿಯ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಬಾವಿಗೆ ಹಲಗೆ ಹೊದಿಸಿ ಮೊಳೆ ಹೊಡೆಸಲಾಯಿತು. 12.50ಕ್ಕೆ ಡಾಕಪ್ಪನ ಬಂಧನ. ಅವನು ಏನೂ ವಾದಿಸದೆ ಬಂದು ಜೀಪಿನಲ್ಲಿ ಕುಳಿತ. ಸರಕಾರಿ ಆಸ್ಪತ್ರೆಯ ವೈದ್ಯರು ರಕ್ತ ತೆಗೆದುಕೊಂಡು, ಸದ್ಯಕ್ಕೆ ಜೀವಕ್ಕೆ ಅಪಾಯವಿಲ್ಲ, ವಾರದ ಮೇಲೆ ಮತ್ತೆ ಕರೆತನ್ನಿ ಎಂದು ಬರೆದುಕೊಟ್ಟರು.

ಮಧ್ಯಾಹ್ನ 2.30ಕ್ಕೆ ಠಾಣೆಯಲ್ಲಿ ಹೇಳಿಕೆ. ಮೈಲಾರಪ್ಪ ಕೇಳಿದ್ದು ಕ್ಯಾನುಗಳ ವಿಷಯ. ಡಾಕಪ್ಪ ಅದನ್ನು ಎರಡು ಮಾತಿನಲ್ಲಿ ಮುಗಿಸಿದ.

"ಮತ್ತೇನಾದ್ರೂ ಹೇಳೂದು ಐತೇನು?"

"ಐತ್ರಿ. ಅದು ಹೇಳಿದ್ರ ನನಗ ಶಿಕ್ಷಾ ಜಾಸ್ತಿ ಆಗ್ತದಲ್ರಿ?"

"ಆಗಬಹುದು. ನಾ ನಿನಗ ಒತ್ತಾಯ ಮಾಡೂದಿಲ್ಲ."

"ಬರಕೋರಿ."

ಅವನು ಹೇಳುತ್ತ ಹೋದ, ಸುಭಾಷ ಬರೆಯುತ್ತ ಹೋದ. 2019ರಿಂದ ಪಾಚಿಯ ತೊಟ್ಟಿಗಳು ಆಗುವವರೆಗೆ ಕಾರ್ಖಾನೆಯ ನೀರನ್ನು ಅವನು ಹಳ್ಳಕ್ಕೆ ಬಿಡುತ್ತಿದ್ದ. ಮ್ಯಾನೇಜರ್ ಹೇಳುತ್ತಿದ್ದ, ಇವನು ಬಿಡುತ್ತಿದ್ದ. ಎಲ್ಲಿ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಊಟಕ್ಕೆ ಮನೆಗೆ ಹೋಗಲು ಅನುಕೂಲವೆಂದು ತನ್ನ ಹೊಲದ ಪಕ್ಕದ ಹಳ್ಳವನ್ನೇ ಆರಿಸಿಕೊಂಡಿದ್ದ. ಒಂದು ದಿನ ಬಾವಿಯ ನೀರಲ್ಲಿ ಟ್ಯಾಂಕರಿನ ಹಳದಿಯ ತೆಳು ಛಾಯೆ ಕಂಡ. ಸುಭಾಷ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. ಕಳ್ಳರ ಮೇಲೆ ಅವನಿಗೆ ಮರುಕ ಬರುವುದು ಅಪರೂಪ, ಸಿಟ್ಟು ಬರುವುದೂ ಅಪರೂಪ. ಅವತ್ತು ಎರಡೂ ಬಂದವು.

ಮೈಲಾರಪ್ಪ ಕಾರ್ಖಾನೆಯ ಮೇಲೆ ಪ್ರತ್ಯೇಕ ಪ್ರಕರಣಕ್ಕೆ ಟಿಪ್ಪಣಿ ಬರೆದರು. ಪೇಪರ್‌ವೇಟ್ ತಿರುಗಿಸುತ್ತಿದ್ದ ಮ್ಯಾನೇಜರನಿಗೆ ಮರುದಿನ ಹತ್ತಕ್ಕೆ ಹಾಜರಾಗಲು ನೋಟಿಸ್ ಹೋಯಿತು. ಆಮೇಲೆ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ, ಹೆಂಡತಿಯನ್ನು ಮನೆಗೆ ಕರೆತರುವುದು, ಎಂದು ಬರೆದರು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಆ ಜಾಗದಲ್ಲಿ ಅವರು ಹೀಗೆ ಬರೆದಿರಲಿಲ್ಲ.

4.10ಕ್ಕೆ ಮರಿಯವ್ವ ಒಳಗೆ ಬಂದಳು. ಮಧ್ಯಾಹ್ನದಿಂದ ಹೊರಗಿನ ಬೇವಿನ ಮರದ ಕೆಳಗೆ ಕುಳಿತಿದ್ದಳು. ಪ್ರಿಯಾಂಕಾ ತಂದುಕೊಟ್ಟ ಊಟ ಮುಟ್ಟಿರಲಿಲ್ಲ.

"ಅವರು ಏನು ಬರಸ್ಯಾರ್ರಿ? ನನಗ ಓದಾಕ ಬರೂದಿಲ್ಲ."

ತನಿಖೆಯ ಕಾಗದವನ್ನು ಹೀಗೆ ಓದಿ ಹೇಳುವ ನಿಯಮವಿಲ್ಲ. ಮೈಲಾರಪ್ಪ ಅವಳನ್ನು ಕೂರಿಸಿ, ಕನ್ನಡಕ ಹಾಕಿಕೊಂಡು, ಎರಡನೇ ಹಾಳೆಯಿಂದ ಓದಿದರು.

"'ಸದರಿ ನೀರನ್ನು ಹಳ್ಳಕ್ಕೆ ಬಿಟ್ಟವನು ನಾನೇ ಇರುತ್ತೇನೆ. ಅದು ನಮ್ಮ ಬಾವಿಗೆ ಇಳಿದದ್ದು ತಿಳಿದ ದಿನದಿಂದ ನಾನು ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟೆನು. ನನ್ನ ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಬಿಟ್ಟುಹೋಗುವಳೆಂದು ಹೆದರಿದೆನು. ಅವಳು ಎರಡು ವರ್ಷ ಅದೇ ನೀರು ಕುಡಿದಳು.'"

ಮರಿಯವ್ವ ಸೆರಗನ್ನು ಕೈಗೆ ಸುತ್ತಿಕೊಂಡಳು.

"ಊಟಕ್ಕ ಕುಂತಾಗ ನೀರು ಮುಟ್ಟತಿದ್ದಿಲ್ಲ ಅವರು," ಎಂದಳು. "ನಾ ನೋಡಿದ್ದೆ. ಡ್ಯೂಟಿ ಮ್ಯಾಲ ಕುಡದೇನಿ ಅಂತಿದ್ರು. ನನ್ನ ಕೈ ಒಡದಾಗ ಮುಲಾಮು ತಂದು ಹಚ್ಚತಿದ್ರು, ಹಚ್ಚುವಾಗ ಅಳತಿದ್ರು. ಆವಾಗರೆ ಹೇಳ್ತಾರೇನು ಅಂತ ಕಾಯ್ದೆ. ಆ ಕಡೀ ಮಾತು ಇನ್ನೊಮ್ಮೆ ಓದ್ರಿ."

ಮೈಲಾರಪ್ಪ ಇನ್ನೊಮ್ಮೆ ಓದಿದರು.

"ಇದು ಕೋರ್ಟಿನಾಗ ನಡೀತೈತೇನ್ರಿ?"

"ಇಲ್ಲವಾ. ಪೊಲೀಸರ ಮುಂದ ಒಪ್ಪಿಕೊಂಡಿದ್ದು ಅಲ್ಲಿ ನಡಿಯೂದಿಲ್ಲ. ಅದಕ್ಕ ಬ್ಯಾರೆ ಸಾಕ್ಷಿ ಬೇಕು."

"ನನಗ ನಡೀತೈತ್ರಿ," ಎಂದಳು ಮರಿಯವ್ವ.

ಅವಳು ಎದ್ದು ಲಾಕಪ್ಪಿನ ಕಡೆ ಹೋದಳು. ಸರಳುಗಳ ಆಚೆ ಡಾಕಪ್ಪ ಎದ್ದು ನಿಂತ. ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಅವನೂ ಒಳಗೆ ಕುಳಿತ. ಅವನನ್ನು ನ್ಯಾಯಾಧೀಶರ ಮುಂದೆ ಒಯ್ಯಲು ಜೀಪು ಸಿದ್ಧವಾದಾಗ 4.45 ಆಗಿತ್ತು. ಐದು ನಿಮಿಷ ತಡವಾದರೆ ಏನೂ ಆಗುವುದಿಲ್ಲ ಎಂದು ಮೈಲಾರಪ್ಪ ಚಾಲಕನಿಗೆ ಹೇಳಿದರು.